ಇಂಜಿನ್ ಬಿಚ್ಚುವ ಮೊದಲು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಿಗೇಹಳ್ಳಿ, ತಿಂಡ್ಲು, ಸಹಕಾರನಗರ, ವಿದ್ಯಾರಣ್ಯಪುರದ ಕಡೆಯವು. ಬಹುತೇಕ ಎಲ್ಲವೂ ಒಂದೇ ಗಾಡಿಯ ಬಗ್ಗೆ. 1984ರಲ್ಲಿ ಮಾರುತಿ ವ್ಯಾನ್ ಆಗಿ ರಸ್ತೆಗಿಳಿದು, 1988ರಲ್ಲಿ ಓಮ್ನಿ ಎಂಬ ಹೆಸರು ಪಡೆದು, 2019ರಲ್ಲಿ ತಯಾರಿಕೆ ನಿಂತ ಗಾಡಿ ಅದು. ಕಂಪನಿ ನಿಲ್ಲಿಸಿದರೂ ನಮ್ಮ ಕಡೆ ಹೂವು, ತೆಂಗಿನಕಾಯಿ, ಅಡುಗೆ ಪಾತ್ರೆ, ಶಾಮಿಯಾನದ ಬಟ್ಟೆ ಇವತ್ತಿಗೂ ಅದರಲ್ಲೇ ಓಡಾಡುತ್ತಿವೆ. ಆ ಗಾಡಿ ಎರಡು ದಿನ ಗ್ಯಾರೇಜಿನಲ್ಲಿ ನಿಂತರೆ ಮನೆಯ ಸಂಪಾದನೆಯೂ ಎರಡು ದಿನ ನಿಲ್ಲುತ್ತದೆ. ಆದ್ದರಿಂದ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಸರ್, ನನ್ನದು 2006ರ ಓಮ್ನಿ, ಹೂವಿನ ವ್ಯಾಪಾರ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಹೊರಡುವಾಗ ಸ್ಟಾರ್ಟ್ ಮಾಡಿದ ತಕ್ಷಣ ಭುಸ್ ಅಂತ ನೀಲಿ ಹೊಗೆ ಬರುತ್ತೆ. ಒಂದು ನಿಮಿಷ ಆದಮೇಲೆ ನಿಂತುಹೋಗುತ್ತೆ. ಇಂಜಿನ್ ಆಯಿಲ್ ಕೂಡ ಕಡಿಮೆಯಾಗ್ತಿದೆ. ಮೆಕ್ಯಾನಿಕ್ ನೋಡಿದವರೇ ‘ಬೋರ್ ಹೋಗಿದೆ, ಫುಲ್ ಇಂಜಿನ್ ಕೆಲಸ’ ಅಂದರು. ಮೂವತ್ತು ಸಾವಿರ ಆಗುತ್ತಂತೆ. ಅಷ್ಟು ಬೇಕಾ?
— ಹೂವಿನ ವ್ಯಾಪಾರಿ, ಕೊಡಿಗೇಹಳ್ಳಿ

ಯಜಮಾನರೇ, ಹೊಗೆ ಒಂದು ನಿಮಿಷದಲ್ಲಿ ನಿಲ್ಲುತ್ತದೆ ಎಂದು ಬರೆದಿದ್ದೀರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ ಎಂದೇ ಅರ್ಥ, ಅದರಲ್ಲಿ ಅನುಮಾನವಿಲ್ಲ. ಆದರೆ ಆಯಿಲ್ ಒಳಗೆ ಬರಲು ಎರಡು ದಾರಿಗಳಿವೆ. ಒಂದು ಕೆಳಗಿನಿಂದ, ಸವೆದ ಪಿಸ್ಟನ್ ರಿಂಗ್ ದಾಟಿ. ಇನ್ನೊಂದು ಮೇಲಿನಿಂದ, ವಾಲ್ವ್‌ನ ಕಾಂಡಕ್ಕೆ ಹಾಕಿರುವ ರಬ್ಬರ್ ಸೀಲ್ ದಾಟಿ. ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ರಾತ್ರಿಯೆಲ್ಲ ಗಾಡಿ ನಿಂತಿರುವಾಗ ಹೆಡ್‌ನಲ್ಲಿ ಉಳಿದ ಆಯಿಲ್ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಅದೆಲ್ಲ ಒಮ್ಮೆಗೇ ಉರಿದು, ಆಮೇಲೆ ಹೊಗೆ ನಿಲ್ಲುತ್ತದೆ. ರಿಂಗ್ ಸವೆದ ಇಂಜಿನ್ ಹೀಗೆ ಮಾಡುವುದಿಲ್ಲ. ಅದು ಇಂಜಿನ್ ಬಿಸಿಯಾದ ಮೇಲೂ, ಮುಖ್ಯವಾಗಿ ಲೋಡ್ ಬಿದ್ದು ಆಕ್ಸಿಲರೇಟರ್ ಒತ್ತಿದಾಗ, ಬಿಡದೆ ಹೊಗೆ ಉಗುಳುತ್ತದೆ. ಬುಟ್ಟಿಗಳನ್ನು ತುಂಬಿಕೊಂಡು ಹೆಬ್ಬಾಳ ಮೇಲ್ಸೇತುವೆ ಏರಿ, ಹಿಂದೆ ಬೈಕಿನಲ್ಲಿ ಒಬ್ಬರು ಬಂದು ಸೈಲೆನ್ಸರ್ ನೋಡಲಿ. ಏರುವಾಗ ಹೊಗೆ ಇಲ್ಲದಿದ್ದರೆ ಬೋರಿನ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಇದು ಕಣ್ಣಂದಾಜು. ಮೂವತ್ತು ಸಾವಿರ ಖರ್ಚಿನ ತೀರ್ಮಾನಕ್ಕೆ ಕಣ್ಣಂದಾಜು ಸಾಲದು, ಅಳತೆ ಬೇಕು. ಮೆಕ್ಯಾನಿಕ್‌ಗೆ ಕಂಪ್ರೆಷನ್ ಟೆಸ್ಟ್ ಮಾಡಲು ಹೇಳಿ. ಇಂಜಿನ್ ಬಿಸಿಯಾಗಿರಬೇಕು, ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿರಬೇಕು, ಇಗ್ನಿಷನ್ ಕಾಯಿಲ್‌ನ ವೈರ್ ತೆಗೆದಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಒಂದೊಂದು ಸಿಲಿಂಡರ್‌ಗೂ ಗೇಜ್ ಹಾಕಿ ಬಂದ ಅಂಕಿಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಮೂರರ ನಡುವೆ ಚದರ ಸೆಂಟಿಮೀಟರಿಗೆ ಒಂದು ಕಿಲೋಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಂದು ಸಿಲಿಂಡರ್ ಕಡಿಮೆ ತೋರಿಸಿದರೆ, ಆ ಪ್ಲಗ್ ತೂತಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಅಂಕಿ ಏರಿದರೆ ದೋಷ ರಿಂಗ್ ಅಥವಾ ಬೋರಿನದು, ಏಕೆಂದರೆ ಆಯಿಲ್ ಆ ಸಂದನ್ನು ಕೆಲ ಹೊತ್ತು ಮುಚ್ಚಿದೆ. ಅಂಕಿ ಕದಲದಿದ್ದರೆ ದೋಷ ವಾಲ್ವಿನದು, ಇಲ್ಲವೇ ಹೆಡ್ ಗ್ಯಾಸ್ಕೆಟ್‌ನದು. ಅಕ್ಕಪಕ್ಕದ ಎರಡು ಸಿಲಿಂಡರ್ ಎರಡೂ ಕುಸಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಅರ್ಧ ಗಂಟೆಯ ಕೆಲಸ ಇದು. ಇದನ್ನು ಮಾಡದೆ ಬೋರ್ ಮಾಡಿಸಿ ಎನ್ನುವವರ ಹತ್ತಿರ ಗಾಡಿ ಬಿಡಬೇಡಿ ಎಂದೇ ಹೇಳುತ್ತೇನೆ.

ಬ್ಯಾಕ್ ಕಂಪ್ರೆಷನ್ ಕೂಡ ನೋಡಿ. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆರೆದರೆ ಗುಪ್ ಗುಪ್ ಎಂದು ಹೊಗೆ ಹೊರಬರುತ್ತದೆಯೇ? ಬಂದರೂ ಮೊದಲು ಬ್ರೀದರ್ ಪೈಪ್ ಕಟ್ಟಿಕೊಂಡಿದೆಯೇ ಎಂದು ಪರೀಕ್ಷಿಸಿ. ಆ ಸಣ್ಣ ಪೈಪಿನಲ್ಲಿ ಜಿಡ್ಡು ತುಂಬಿದರೆ ಗಟ್ಟಿಮುಟ್ಟಾದ ಇಂಜಿನ್ ಕೂಡ ಸವೆದ ಇಂಜಿನ್‌ನಂತೆಯೇ ನಡೆದುಕೊಳ್ಳುತ್ತದೆ, ಆಯಿಲ್ ಕುಡಿಯುತ್ತದೆ.

ಅಳತೆಯೆಲ್ಲ ಸರಿ ಬಂದರೆ ವಾಲ್ವ್ ಸೀಲ್ ಬದಲಿಸಿದರೆ ಸಾಕು. ಹೆಡ್ ಇಳಿಸಿ ಮಾಡುವುದಾದರೆ ವಾಲ್ವ್‌ಗಳನ್ನೂ ಕೂರಿಸಿಬಿಡಿ, ಹೆಡ್‌ನ ಮೈ ಸಮತಟ್ಟಾಗಿದೆಯೇ ಎಂದು ಲೇತ್‌ನಲ್ಲಿ ಪಟ್ಟಿ ಇಟ್ಟು ನೋಡಿಸಿ. ಬೋರೇ ಹೋಗಿದೆ ಎಂದು ಅಳತೆ ಹೇಳಿದರೆ ಮಾಡಿಸಲೇಬೇಕು. ಆಗಲೂ ಲೇತ್‌ನವರಿಂದ ಬೋರಿನ ಅಳತೆಯನ್ನು ಬರೆಸಿಕೊಳ್ಳಿ. ಈ 796 ಸಿಸಿ ಇಂಜಿನ್‌ನ ಮೂಲ ಬೋರ್ 68.5 ಮಿಲಿಮೀಟರ್. ಮೊದಲ ಓವರ್‌ಸೈಜ್ ಪಿಸ್ಟನ್ 0.25, ಆಮೇಲಿನದು 0.50 ಮಿಲಿಮೀಟರ್ ದೊಡ್ಡದು. ಹಿಂದೆ ಯಾರಾದರೂ ಬೋರ್ ಮಾಡಿಸಿದ್ದರೆ ಈಗ ಎಷ್ಟು ಉಳಿದಿದೆ ಎಂಬುದು ಆ ಅಂಕಿಯಿಂದಲೇ ಗೊತ್ತಾಗುತ್ತದೆ.

ಅಲ್ಲಿಯವರೆಗೆ ವಾರಕ್ಕೊಮ್ಮೆ, ಗಾಡಿ ಸಮತಟ್ಟಾದ ಜಾಗದಲ್ಲಿ ತಣ್ಣಗೆ ನಿಂತಿರುವಾಗ, ಡಿಪ್‌ಸ್ಟಿಕ್ ತೆಗೆದು ನೋಡಿ. ಹೊಗೆಯಿಂದ ಇಂಜಿನ್ ಸಾಯುವುದಿಲ್ಲ, ಆಯಿಲ್ ಖಾಲಿಯಾದರೆ ಸಾಯುತ್ತದೆ. ಇನ್ನೊಂದು ಮಾತು: ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಳಿಗ್ಗೆ ಸೈಲೆನ್ಸರ್‌ನಿಂದ ಬಿಳಿ ಆವಿ ಬರುವುದು ಸಹಜ. ಅದು ಬರೀ ನೀರಾವಿ, ಹೆದರಬೇಡಿ.

ನಮಸ್ಕಾರ. ಅಡುಗೆ ಕಂಟ್ರಾಕ್ಟ್ ನಮ್ಮದು. ಹೆಬ್ಬಾಳದ ಜಾಮ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಏರುತ್ತೆ, ಏರ್‌ಪೋರ್ಟ್ ರಸ್ತೆಗೆ ಬಿದ್ದು ಓಡಿಸಿದರೆ ಇಳಿಯುತ್ತೆ. ಸೀಟು ಕೂರಲಾಗದಷ್ಟು ಬಿಸಿ. ರೇಡಿಯೇಟರ್‌ಗೆ ದಿನಾ ನೀರು ಹಾಕ್ತೀವಿ.
— ಕೇಟರಿಂಗ್ ನಡೆಸುವವರು, ಸಹಕಾರನಗರ

ನಿಂತಾಗ ಏರಿ ಓಡಿದಾಗ ಇಳಿದರೆ, ಮೊದಲ ಅನುಮಾನ ಫ್ಯಾನಿನ ಮೇಲೆ. ಓಡುವಾಗ ಗಾಳಿ ತಾನಾಗಿ ರೇಡಿಯೇಟರ್ ದಾಟಿ ಹೋಗುತ್ತದೆ. ನಿಂತಾಗ ಆ ಕೆಲಸ ಫ್ಯಾನ್ ಮಾಡಬೇಕು. ಮುಳ್ಳು ಏರಿದಾಗ ಫ್ಯಾನಿನ ಸದ್ದು ಕೇಳುತ್ತದೆಯೇ ಎಂದು ಕಿವಿಗೊಡಿ. ಕೇಳದಿದ್ದರೆ ಫ್ಯೂಸ್, ಆಮೇಲೆ ಥರ್ಮೋ ಸ್ವಿಚ್, ಆಮೇಲೆ ಮೋಟಾರ್, ಈ ಕ್ರಮದಲ್ಲಿ ನೋಡಿಸಿ. ಹಲವರು ಸ್ವಿಚ್ ಬದಲಿಸುವ ಬದಲು ಫ್ಯಾನಿಗೆ ನೇರ ವೈರ್ ಕೊಟ್ಟು ಸದಾ ತಿರುಗುವಂತೆ ಮಾಡುತ್ತಾರೆ. ಮನೆ ತಲುಪುವವರೆಗೆ ಅದು ಸರಿ. ಖಾಯಂ ಮಾಡಿದರೆ ಮೋಟಾರ್ ಬೇಗ ಸುಡುತ್ತದೆ, ಸುಟ್ಟದ್ದು ಗೊತ್ತಾಗುವುದು ಮತ್ತೆ ಜಾಮ್‌ನಲ್ಲೇ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ‘ದಿನಾ ನೀರು ಹಾಕ್ತೀವಿ’ ಎನ್ನುವ ಮಾತು. ಮುಚ್ಚಿದ ವ್ಯವಸ್ಥೆ ಅದು, ದಿನಾ ನೀರು ಕುಡಿಯಬಾರದು. ಕುಡಿಯುತ್ತಿದ್ದರೆ ಎಲ್ಲೋ ಹೋಗುತ್ತಿದೆ. ಹೋಸ್, ವಾಟರ್ ಪಂಪ್, ರೇಡಿಯೇಟರ್ ಎಲ್ಲೂ ಸೋರಿಕೆ ಕಾಣದಿದ್ದರೆ ಹೆಡ್ ಗ್ಯಾಸ್ಕೆಟ್ ದಾಟಿ ಸಿಲಿಂಡರಿನೊಳಗೆ ಹೋಗುತ್ತಿರಬಹುದು. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆರೆದಿಟ್ಟು ಸ್ಟಾರ್ಟ್ ಮಾಡಿ. ನೀರಿನಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ, ಆಯಿಲ್ ಮುಚ್ಚಳದ ಒಳಗೆ ಬೆಳ್ಳಗೆ ಕೆನೆಗಟ್ಟಿದ್ದರೆ, ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ, ಗಾಡಿ ಓಡಿಸುವುದನ್ನು ನಿಲ್ಲಿಸಿ. ಹೆಡ್ ಅಲ್ಯೂಮಿನಿಯಂನದು. ಒಮ್ಮೆ ಜೋರಾಗಿ ಕಾದರೆ ಬಾಗುತ್ತದೆ, ಬಾಗಿದ ಹೆಡ್ ಕೆಳಗೆ ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ನಿಲ್ಲುವುದಿಲ್ಲ. ಸುಜುಕಿ ಇಂಜಿನ್‌ಗಳಲ್ಲಿ ಆ ಬಾಗುವಿಕೆಗೆ ಇರುವ ಮಿತಿ 0.05 ಮಿಲಿಮೀಟರ್. ಕಣ್ಣಿಗೆ ಕಾಣುವ ಬಾಗು ಅಲ್ಲ ಅದು.

ಹಾಕುವ ನೀರು ಯಾವುದು ಎಂದು ನೀವು ಬರೆದಿಲ್ಲ. ನಮ್ಮ ಕಡೆ ಬಹಳ ಮನೆಗಳಲ್ಲಿ ಬೋರ್‌ವೆಲ್ ನೀರು. ಪಾತ್ರೆಯ ತಳದಲ್ಲಿ, ಗೀಸರ್ ಕಾಯಿಲಿನ ಮೇಲೆ ಬಿಳಿ ಪದರ ಕಟ್ಟುವ ಆ ಗಡಸು ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದನ್ನೇ ಮಾಡುತ್ತದೆ. ಒಳಗೆ ಪದರ ಕಟ್ಟಿದ ರೇಡಿಯೇಟರ್‌ಗೆ ಹೊರಗಿನಿಂದ ಎಷ್ಟು ಗಾಳಿ ಬೀಸಿದರೂ ಶಾಖ ಬಿಡುವುದಿಲ್ಲ. ಒಮ್ಮೆ ಪೂರ್ತಿ ಖಾಲಿ ಮಾಡಿಸಿ, ಫ್ಲಶ್ ಮಾಡಿಸಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬಿಸಿ. ತುಂಬಿಸುವಾಗ ಹೋಸ್‌ಗಳಲ್ಲಿ ಗಾಳಿ ಸಿಕ್ಕಿಕೊಳ್ಳದ ಹಾಗೆ ಇಂಜಿನ್ ಓಡಿಸಿಟ್ಟು ನಿಧಾನವಾಗಿ ಹಾಕಿಸಬೇಕು.

ರೇಡಿಯೇಟರ್ ಕ್ಯಾಪ್ ಹಳೆಯದಾಗಿದ್ದರೆ ಬದಲಿಸಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕ್ಯಾಪಿನ ಸ್ಪ್ರಿಂಗ್ ಒಳಗೆ ಒತ್ತಡ ಹಿಡಿದಿಟ್ಟುಕೊಂಡಿರುವುದರಿಂದಲೇ ಅದು ನೂರು ದಾಟಿದರೂ ಕುದಿಯದೆ ಇರುವುದು. ಸ್ಪ್ರಿಂಗ್ ಸೋತ ಕ್ಯಾಪ್ ಇಟ್ಟುಕೊಂಡು ರೇಡಿಯೇಟರ್ ಬದಲಿಸಿದವರನ್ನು ನೋಡಿದ್ದೇನೆ. ಬಿಸಿಯಾಗಿರುವಾಗ ಆ ಕ್ಯಾಪ್ ಮುಟ್ಟಬೇಡಿ, ಒದ್ದೆ ಬಟ್ಟೆ ಹಾಕಿಕೊಂಡೂ ಮುಟ್ಟಬೇಡಿ. ನಿಮ್ಮ ಹುಡುಗರಿಗೂ ಇದನ್ನು ಹೇಳಿ.

ನಿವೃತ್ತ ನೌಕರ ನಾನು. 1997ರ ಕಾರ್ಬುರೇಟರ್ ಓಮ್ನಿ ಇದೆ. ಹತ್ತು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಮೈಲೇಜ್ ಇಳಿದಿದೆ, ಓಡುವಾಗ ಜಗ್ಗುತ್ತದೆ. ಒಮ್ಮೊಮ್ಮೆ ಒಳಗೆ ಪೆಟ್ರೋಲ್ ವಾಸನೆ. ಎಥೆನಾಲ್ ಪೆಟ್ರೋಲ್ ಕಾರಣವೇ?
— ವಿದ್ಯಾರಣ್ಯಪುರದ ಓದುಗರು

ವಾಸನೆಯ ವಿಷಯವನ್ನು ಮೊದಲು ಹೇಳುತ್ತೇನೆ ಸರ್. ಈ ಗಾಡಿಯ ಇಂಜಿನ್ ಮುಂದಿನ ಸೀಟಿನ ಕೆಳಗೇ ಇದೆ. ಒಳಗೆ ಪೆಟ್ರೋಲ್ ವಾಸನೆ ಬಂದರೆ ಅದನ್ನು ತೊಂದರೆ ಎಂದುಕೊಳ್ಳದೆ ಅಪಾಯ ಎಂದೇ ಎಣಿಸಿ. ಸೀಟು ಎತ್ತಿ ಪೆಟ್ರೋಲ್ ಪೈಪ್‌ಗಳನ್ನು ಬೆರಳಿನಿಂದ ಬಾಗಿಸಿ ನೋಡಿ. ಬಿರುಕು ಕಂಡರೆ, ಒದ್ದೆಯಾಗಿದ್ದರೆ, ಪೈಪ್ ಬದಲಿಸದೆ ಗಾಡಿ ಹೊರಗೆ ತೆಗೆಯಬೇಡಿ.

ಎಥೆನಾಲ್‌ಗೆ ಇದರಲ್ಲಿ ಪಾಲು ಇರಬಹುದು. ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು, ಇಂಡಿಯಾ ಎನರ್ಜಿ ವೀಕ್‌ನಲ್ಲಿ. ನಿಮ್ಮ ಗಾಡಿ ತಯಾರಾದಾಗ ಅಂಥ ಪೆಟ್ರೋಲ್ ಯಾರ ಎಣಿಕೆಯಲ್ಲೂ ಇರಲಿಲ್ಲ. ಲೀಟರಿಗೆ ಲೀಟರ್ ಹೋಲಿಸಿದರೆ ಎಥೆನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಆದರೆ ಮೈಲೇಜ್ ಕಾಲು ಭಾಗ ಬಿದ್ದಿದ್ದರೆ ಅದನ್ನು ಎಥೆನಾಲ್ ತಲೆಗೆ ಕಟ್ಟಬೇಡಿ, ಏರ್ ಫಿಲ್ಟರ್, ಪ್ಲಗ್, ಹಿಡಿದುಕೊಂಡಿರುವ ಬ್ರೇಕ್, ಸಿಕ್ಕಿಕೊಂಡಿರುವ ಚೋಕ್ ಇವನ್ನೂ ನೋಡಿಸಿ.

ಎಥೆನಾಲ್ ತೇವ ಹೀರುತ್ತದೆ. ನಿಂತ ಗಾಡಿಯ ಅರ್ಧ ಖಾಲಿ ಟ್ಯಾಂಕಿನಲ್ಲಿ ಅದು ಹೆಚ್ಚು. ಹಳೆಯ ಟ್ಯಾಂಕಿನ ತಳದ ಕೊಳೆಯನ್ನೂ ಸಡಿಲಿಸುತ್ತದೆ, ಅದು ಬಂದು ಫಿಲ್ಟರ್‌ನಲ್ಲಿ ಕೂರುತ್ತದೆ. ಹಳೆಯ ರಬ್ಬರ್ ಡಯಾಫ್ರಾಂಗಳನ್ನು ಊದಿಸುತ್ತದೆ, ಇಲ್ಲವೇ ಗಟ್ಟಿ ಮಾಡುತ್ತದೆ. ಫ್ಯೂಯಲ್ ಫಿಲ್ಟರ್ ಹೊಸದು ಹಾಕಿಸಿ, ಕಾರ್ಬುರೇಟರ್ ಬಿಚ್ಚಿ ತೊಳೆದು ಹೊಸ ಕಿಟ್ ಹಾಕಿಸಿ, ಪೆಟ್ರೋಲ್ ಪಂಪಿನ ಡಯಾಫ್ರಾಂ ನೋಡಿಸಿ, ಪೈಪ್‌ಗಳನ್ನು ಎಥೆನಾಲ್ ತಡೆಯುವಂಥವಕ್ಕೆ ಬದಲಿಸಿ. ಆಮೇಲೆ ಮಿಕ್ಸ್ಚರ್ ಸೆಟ್ಟಿಂಗ್ ಮಾಡಿಸಿ, ಅದೂ ಎಮಿಷನ್ ಮೆಷಿನ್ ಇಟ್ಟುಕೊಂಡು. ವಾರಕ್ಕೊಮ್ಮೆಯಾದರೂ ಯಲಹಂಕದವರೆಗೆ ಹೋಗಿ ಬನ್ನಿ, ಇಂಜಿನ್ ಪೂರ್ತಿ ಬಿಸಿಯಾಗಲಿ.

ನನ್ನ ಮಗಳು ಓಮ್ನಿ ವ್ಯಾನಿನಲ್ಲಿ ಶಾಲೆಗೆ ಹೋಗುತ್ತಾಳೆ. ಹಿಂದಿನ ಸೀಟಿನ ಕೆಳಗೆ ಅಡುಗೆ ಗ್ಯಾಸ್ ಸಿಲಿಂಡರ್ ನೋಡಿದೆ. ಕೇಳಿದರೆ ಡ್ರೈವರ್ ‘ಏನೂ ಆಗಲ್ಲಮ್ಮ, ಎಲ್ಲರೂ ಹೀಗೇ ಓಡಿಸ್ತಾರೆ’ ಅಂದರು.
— ಒಬ್ಬ ತಾಯಿ, ತಿಂಡ್ಲು

ಅಮ್ಮ, ನಾಳೆಯಿಂದ ಮಗುವನ್ನು ಆ ವ್ಯಾನಿನಲ್ಲಿ ಕಳಿಸಬೇಡಿ. ಇದರಲ್ಲಿ ಎರಡು ಮಾತಿಲ್ಲ.

ವಾಹನಕ್ಕೆಂದು ಇರುವ ಎಲ್‌ಪಿಜಿ ಟ್ಯಾಂಕನ್ನು ಚಾಸಿಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಅದರ ವಾಲ್ವ್ ಶೇಕಡ 80 ತುಂಬಿದ ಮೇಲೆ ಒಳಗೆ ಗ್ಯಾಸ್ ಬಿಡುವುದಿಲ್ಲ, ಪೈಪ್ ಒಡೆದರೆ ಹೊರಹೋಗುವ ದಾರಿ ಮುಚ್ಚುತ್ತದೆ. ಅಡುಗೆ ಸಿಲಿಂಡರ್‌ಗೆ ಇದ್ಯಾವುದೂ ಇಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಮಕ್ಕಳ ಕಾಲು ಇರುವುದು ಆ ನೆಲದ ಮೇಲೆ, ಕಿಡಿ ಹಾರಿಸುವ ಇಂಜಿನ್ ಇರುವುದು ಅದರ ಮುಂದೆಯೇ. ಮನೆಬಳಕೆಯ ಸಿಲಿಂಡರನ್ನು ವಾಹನಕ್ಕೆ ಬಳಸುವುದು ಕಾನೂನಿಗೂ ವಿರುದ್ಧ. ಶಾಲೆಯ ಮುಖ್ಯಸ್ಥರಿಗೆ ಬರೆದು ಕೊಡಿ, ಯಲಹಂಕ ಆರ್‌ಟಿಒ ಕಚೇರಿಗೆ ಗಾಡಿ ನಂಬರ್ ತಿಳಿಸಿ, ಬೇಕಾದರೆ 112ಕ್ಕೆ ಫೋನ್ ಮಾಡಿ. ಡ್ರೈವರ್ ಬಡವರು, ಅವರ ಹೊಟ್ಟೆಪಾಡು ಎಂದು ಹಿಂಜರಿಯಬೇಡಿ. ಅವರೂ ಆ ಸಿಲಿಂಡರ್ ಪಕ್ಕದಲ್ಲೇ ಕೂರುತ್ತಾರೆ.

ಆರ್‌ಸಿಯಲ್ಲಿ ನಮೂದಾಗಿರುವ ಅಧಿಕೃತ ಎಲ್‌ಪಿಜಿ ಕಿಟ್ ಇರುವವರಿಗೂ ಒಂದು ವಿಷಯ. ಗ್ಯಾಸಿನಲ್ಲಿ ಓಡುವ ಹಳೆಯ ಇಂಜಿನ್‌ಗಳಲ್ಲಿ ವಾಲ್ವ್ ಸೀಟ್ ಬೇಗ ಸವೆಯುತ್ತದೆ, ವಾಲ್ವ್ ಮೇಲೆ ಮೇಲೆ ಸರಿದು ಟ್ಯಾಪೆಟ್ ಗ್ಯಾಪ್ ಮುಚ್ಚುತ್ತಾ ಬರುತ್ತದೆ. ಟ್ಯಾಪೆಟ್ ಸದ್ದು ನಿಂತಿತು ಎಂದು ಸಂತೋಷಪಡುವ ಹೊತ್ತಿಗೆ ಎಕ್ಸಾಸ್ಟ್ ವಾಲ್ವ್ ಸುಟ್ಟು ಗಾಡಿ ಮಿಸ್ಸಿಂಗ್ ಹೊಡೆಯಲು ಶುರುವಾಗಿರುತ್ತದೆ. ಟ್ಯಾಪೆಟ್ ಸೆಟ್ಟಿಂಗ್ ಪದೇ ಪದೇ ನೋಡಿಸಿ, ಆಗಾಗ ಪೆಟ್ರೋಲಿನಲ್ಲೂ ಓಡಿಸಿ. ಟ್ಯಾಂಕಿಗೆ 5 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಮರೆಯಬೇಡಿ.

ಮಳೆಯಲ್ಲಿ ಕೊಡಿಗೇಹಳ್ಳಿ ಅಂಡರ್‌ಪಾಸ್‌ನಲ್ಲಿ ನೀರು ತುಂಬಿ ಗಾಡಿ ಆಫ್ ಆಯ್ತು. ಸೆಲ್ಫ್ ಹೊಡೀಬೇಕಾ, ಬೇಡ್ವಾ?
— ತೆಂಗಿನಕಾಯಿ ವ್ಯಾಪಾರಿ

ಬೇಡ. ನೀರು ಏರ್ ಫಿಲ್ಟರ್ ದಾಟಿ ಸಿಲಿಂಡರ್ ಸೇರಿದ್ದರೆ, ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ಹೊರಗೆ ತನ್ನಿ, ಬ್ಯಾಟರಿ ಬಿಚ್ಚಿ, ಏರ್ ಫಿಲ್ಟರ್ ನೋಡಿ. ಒದ್ದೆಯಾಗಿದ್ದರೆ ಪ್ಲಗ್ ಮೂರನ್ನೂ ಬಿಚ್ಚಿ ನೀರು ಹೊರಹಾಕಿದ ಮೇಲಷ್ಟೇ ಸೆಲ್ಫ್. ಆಯಿಲ್ ಬೆಳ್ಳಗಾಗಿದ್ದರೆ ಅದನ್ನೂ ಚೆಲ್ಲಿ ಹೊಸದು ಹಾಕಿ. ಫಿಲ್ಟರ್ ಒಣಗಿದ್ದರೆ ಡಿಸ್ಟ್ರಿಬ್ಯೂಟರ್ ಅಥವಾ ಪ್ಲಗ್ ವೈರ್ ನೆಂದಿರಬಹುದು, ಒರೆಸಿ ಒಣಗಿಸಿದರೆ ಸಾಕಾಗಬಹುದು.

ಇಂಜಿನ್‌ನಿಂದ ಟಕ್ ಟಕ್ ಸದ್ದು. ಜೊತೆಗೆ ಸಿಗ್ನಲ್‌ನಲ್ಲಿ ನಿಂತಾಗ ಆಯಿಲ್ ಲೈಟ್ ಮಿಣುಕುತ್ತೆ.
— ಬ್ಯಾಟರಾಯನಪುರ

ಬರೀ ಸದ್ದಾಗಿದ್ದರೆ ಟ್ಯಾಪೆಟ್ ಇರಬಹುದು ಎನ್ನುತ್ತಿದ್ದೆ. ಅದು ಮೇಲಿನಿಂದ ಬರುವ ತೆಳು ಸದ್ದು. ಕೆಳಗಿನಿಂದ ಗಡುಸಾಗಿ ಬಂದು, ಲೋಡ್ ಬಿದ್ದಾಗ ಜೋರಾಗುವುದು ಬೇರಿಂಗ್ ಸದ್ದು. ಆದರೆ ಆಯಿಲ್ ಲೈಟ್ ಮಿಣುಕಿದ ಮೇಲೆ ಸದ್ದಿನ ಜಾತಿ ಹುಡುಕುತ್ತಾ ಓಡಿಸಬೇಡಿ. ಡಿಪ್‌ಸ್ಟಿಕ್ ನೋಡಿ, ಆಯಿಲ್ ಕಡಿಮೆಯಿದ್ದರೆ ಹಾಕಿ. ಇದ್ದೂ ಮಿಣುಕಿದರೆ ಪ್ರೆಷರ್ ಗೇಜ್ ಹಾಕಿಸಿ ಅಳೆಸಿ, ಲೈಟಿನ ಸ್ವಿಚ್ಚೇ ಕೆಟ್ಟಿರುವುದೂ ಉಂಟು. ಗ್ಯಾರೇಜ್‌ವರೆಗೆ ಗಾಡಿಯನ್ನು ಕಟ್ಟಿಕೊಂಡೇ ಹೋಗಿ.

ಕಂಪನಿಯೇ ನಿಲ್ಲಿಸಿದ ಗಾಡಿಗೆ ಪಾರ್ಟ್ಸ್ ಎಲ್ಲಿ? ಕಳೆದ ಸಲ ಒಂದು ಗ್ಯಾರೇಜಿನಲ್ಲಿ ವಾಟರ್ ಪಂಪ್ ಬದಲಿಸಿದ್ದೇವೆ ಅಂದರು, ಎರಡೇ ತಿಂಗಳಲ್ಲಿ ಮತ್ತೆ ಸೋರಿತು. ಬಿಲ್ ಇಲ್ಲ.
— ಶಾಮಿಯಾನ ಅಂಗಡಿ, ವಿರೂಪಾಕ್ಷಪುರ

ಪಾರ್ಟ್ಸ್ ವಿಷಯದಲ್ಲಿ ಓಮ್ನಿಯವರು ಅದೃಷ್ಟವಂತರು. ಇದರ ಇಂಜಿನ್ ಮಾರುತಿ 800ರದ್ದೇ. 2014ರವರೆಗೆ ತಯಾರಾದ ಆ ಕಾರು ದೇಶದ ತುಂಬ ಇದೆ. ಪಿಸ್ಟನ್, ರಿಂಗ್, ವಾಲ್ವ್, ಬೇರಿಂಗ್, ಗ್ಯಾಸ್ಕೆಟ್‌ಗಳಿಗೆ ಕೊರತೆಯಿಲ್ಲ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳಿ. ಆದರೆ 800ರಲ್ಲಿ ಇಂಜಿನ್ ಅಡ್ಡಲಾಗಿ ಕೂತಿದೆ, ಓಮ್ನಿಯಲ್ಲಿ ಉದ್ದಕ್ಕೆ. ಹಾಗಾಗಿ ಹೊರಗೆ ಜೋಡಿಸುವ ಎಲ್ಲ ಭಾಗವೂ ಹೊಂದುವುದಿಲ್ಲ, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬಾಗಿಲು, ಗ್ಲಾಸು, ಸೀಟಿನ ಹಳಿ ಗುಜರಿಯಲ್ಲಿ ತಂದರೆ ತಪ್ಪಿಲ್ಲ. ಟೈಮಿಂಗ್ ಬೆಲ್ಟ್, ಬ್ರೇಕಿನ ರಬ್ಬರ್, ಪೆಟ್ರೋಲ್ ಪೈಪ್, ವಾಟರ್ ಪಂಪ್ ಈ ನಾಲ್ಕನ್ನು ಮಾತ್ರ ಹೊಸದಾಗಿ, ಒರಿಜಿನಲ್ಲೇ ಕೊಳ್ಳಿ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಎಂದು ಗೊತ್ತಿಲ್ಲದಿದ್ದರೆ ವಾಟರ್ ಪಂಪಿನ ಕೆಲಸದ ಜೊತೆಗೇ ಬದಲಿಸಿಬಿಡಿ.

ಬಿಲ್ ವಿಷಯ. ಕೆಲಸ ಶುರುವಾಗುವ ಮೊದಲು ಅಂದಾಜು ಪಟ್ಟಿ ಬರೆಸಿಕೊಳ್ಳಿ. ‘ನಾನು ಹೇಳದೆ ಇದಕ್ಕಿಂತ ಹೆಚ್ಚು ಬಿಚ್ಚಬೇಡಿ’ ಎಂದು ಅದರಲ್ಲೇ ಬರೆಯಿಸಿ. ಬಿಚ್ಚಿದ ಹಳೆಯ ಪಾರ್ಟ್ಸ್ ವಾಪಸ್ ಕೇಳಿ, ಹೊಸದರ ಡಬ್ಬಿಯನ್ನೂ ಕೇಳಿ. ಒಳ್ಳೆಯ ಮೆಕ್ಯಾನಿಕ್ ಇದರಿಂದ ಬೇಸರಪಡುವುದಿಲ್ಲ, ಕೇಳುವ ಮೊದಲೇ ತಂದು ತೋರಿಸುತ್ತಾರೆ. ಬಿಲ್ ಇದ್ದರೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಕೊಡಬಹುದು, 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಕಳೆದ ಸಲ ಫೋನ್‌ಪೇಯಲ್ಲಿ ದುಡ್ಡು ಕಳಿಸಿದ್ದರೆ, ವಾಟ್ಸಾಪ್‌ನಲ್ಲಿ ಮಾತಾಡಿದ್ದರೆ ಅದನ್ನು ಅಳಿಸಬೇಡಿ, ಅದೂ ದಾಖಲೆಯೇ.

2004ರ ಗಾಡಿ. ಇಂಜಿನ್ ಕೆಲಸ ಮಾಡಿಸಿ ಇಟ್ಟುಕೊಳ್ಳಲೋ, ಕೊಟ್ಟು ಸೆಕೆಂಡ್‌ಹ್ಯಾಂಡ್ ಈಕೋ ತಗೊಳ್ಳಲೋ?
— ಕೊಡಿಗೇಹಳ್ಳಿ ಗೇಟ್ ಹತ್ತಿರದ ದಿನಸಿ ಅಂಗಡಿ

ಇಂಜಿನ್ ನೋಡಿ ತೀರ್ಮಾನಿಸಬೇಡಿ, ಬಾಡಿ ನೋಡಿ ತೀರ್ಮಾನಿಸಿ. ಈ ಗಾಡಿಗೆ ಬೇರೆ ಗಟ್ಟಿ ಚಾಸಿ ಇಲ್ಲ, ತಗಡಿನ ಮೈಯೇ ಎಲ್ಲ ಭಾರ ಹೊರುತ್ತದೆ. ಕಾಲಿಡುವ ಜಾಗದ ಮ್ಯಾಟ್ ಎತ್ತಿ, ಬ್ಯಾಟರಿಯ ಅಡಿ, ಹಿಂದಿನ ಚಕ್ರದ ಕಮಾನು, ಮುಂದಿನ ಸಸ್ಪೆನ್ಷನ್ ಕೂರುವ ಜಾಗವನ್ನು ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಿ. ತುಕ್ಕು ಪುಡಿಯಾಗಿ ಉದುರಿದರೆ ಆ ಗಾಡಿಗೆ ಇಂಜಿನ್ ದುಡ್ಡು ಹಾಕಬೇಡಿ, ಎಷ್ಟು ಪ್ರೀತಿಯಿದ್ದರೂ ಬೇಡ. ಮೈ ಗಟ್ಟಿಯಿದ್ದರೆ ಮಾಡಿಸಿ ಇಟ್ಟುಕೊಳ್ಳಿ ಎಂಬುದೇ ನನ್ನ ಅಭಿಪ್ರಾಯ. ಗೊತ್ತಿರುವ ನಿಮ್ಮ ಗಾಡಿ, ಯಾರೋ ಓಡಿಸಿ ಬಿಟ್ಟ ಗಾಡಿಗಿಂತ ಮೇಲು.

ಖರ್ಚಿಗೆ ಆರ್‌ಸಿಯ ಲೆಕ್ಕವನ್ನೂ ಸೇರಿಸಿ. ಖಾಸಗಿ ಗಾಡಿಗೆ 15 ವರ್ಷದ ನಂತರ 5 ವರ್ಷಕ್ಕೊಮ್ಮೆ ನವೀಕರಣ ಬೇಕು. ಕಾರಿನ ವರ್ಗಕ್ಕೆ 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಗಾಡಿಗಳಿಗೆ 2025ರಲ್ಲಿ 10,000ಕ್ಕೆ ಏರಿತು. ನಿಮ್ಮದು ಆ ಸಾಲಿಗೆ ಬರುತ್ತದೆ. ಈಕೋ 2010ರಲ್ಲಿ ಬಂದ ಗಾಡಿ, ಅದರಲ್ಲೂ ಹಳೆಯವಕ್ಕೆ ಈಗ 15 ವರ್ಷ ತುಂಬಿದೆ. ಕೊಳ್ಳುವ ಮೊದಲು ಆರ್‌ಸಿಯ ಅವಧಿ ನೋಡಿ, ಕಂಪ್ರೆಷನ್ ಅಳೆಸಿ.

ಓಮ್ನಿ ಮಾರುವುದಾದರೆ ಫಾರಂ 29 ಮತ್ತು 30ಕ್ಕೆ ಇಬ್ಬರ ಸಹಿ ಹಾಕಿಸಿ ಆರ್‌ಟಿಒಗೆ ಕೊಡಿ. ಬ್ರೋಕರ್ ನೋಡಿಕೊಳ್ಳುತ್ತಾರೆ ಎಂದು ಬಿಡಬೇಡಿ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಆ ಗಾಡಿಯಿಂದ ಏನೇ ಆದರೂ ಪೊಲೀಸರು ಬರುವುದು ನಿಮ್ಮ ಅಂಗಡಿಗೆ.